ಕೋಳಿಯ ಗಂತಿಯಿಂದ ಎಚ್‌ಐವಿಯವರೆಗೆ

ಏಡ್ಸ್ ವೈರಸ್ಸಿನ ಪಾಠವನ್ನು ನಾನು ಆರಂಭಿಸುವುದು ಹೋವರ್ಡ್ ಟೆಮಿನ್ ಅವರಿಂದ. 1934ರಲ್ಲಿ ಫಿಲಡೆಲ್ಫಿಯಾದಲ್ಲಿ ಜನಿಸಿದ ಅವರು 1960ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿ, ಕೋಳಿಗಳಲ್ಲಿ ಕ್ಯಾನ್ಸರ್ ಗಂತಿ ಹುಟ್ಟಿಸುವ ರೌಸ್ ವೈರಸ್ಸಿನ ಅಧ್ಯಯನವನ್ನು ಮುಂದುವರಿಸಿದರು.

ಆ ವೈರಸ್ಸಿನ ವಂಶದ್ರವ್ಯ ಆರ್‌ಎನ್‌ಎ. ಡಿಎನ್‌ಎಯಿಂದ ಆರ್‌ಎನ್‌ಎ ಉಂಟಾದೀತೇ ಹೊರತು ಆರ್‌ಎನ್‌ಎಯಿಂದ ಡಿಎನ್‌ಎ ಅಲ್ಲವೆಂಬುದು ಅಂದು ಬಹುತೇಕರ ನಂಬಿಕೆ. ಆದರೆ ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುವುದನ್ನು ತಡೆಯುವ ಔಷಧ ಕೊಟ್ಟಾಗ ಈ ವೈರಸ್ಸಿನ ಉತ್ಪತ್ತಿಯೂ ನಿಲ್ಲುತ್ತಿತ್ತು. ಹಾಗಾದರೆ ಅದು ಡಿಎನ್‌ಎ ರೂಪ ತಾಳಿ ಜೀವಕೋಶದ ವಂಶವಾಹಿಗಳ ನಡುವೆಯೇ ನೆಲೆಸುತ್ತದೆ ಎಂದು ಟೆಮಿನ್ 1964ರಲ್ಲಿ ಪ್ರತಿಪಾದಿಸಿದರು. ಆ ರೂಪವೇ ಪ್ರೊವೈರಸ್. ಪುರಾವೆ ಸಾಲದೆಂದು ಅನೇಕರು ಅದನ್ನು ತಳ್ಳಿಹಾಕಿದರು. ಅವರು ಕದಲಲಿಲ್ಲ. 1970ರಲ್ಲಿ ಸತೋಶಿ ಮಿಜುತಾನಿ ಜೊತೆಗೂಡಿ, ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವನ್ನು ಪತ್ತೆಹಚ್ಚಿದರು. ಡೇವಿಡ್ ಬಾಲ್ಟಿಮೋರ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡಿದ್ದರು. 1975ರ ನೊಬೆಲ್ ಈ ಇಬ್ಬರಿಗೂ, ಟೆಮಿನ್‌ರ ಗುರು ರೆನಾಟೊ ಡಲ್ಬೆಕೊ ಅವರಿಗೂ ಸಂದಿತು.

1983ರಲ್ಲಿ ಎಚ್‌ಐವಿ ಪತ್ತೆಯಾದಾಗ ಕೋಳಿಯ ಗಂತಿಯಿಂದ ಬಂದ ಈ ತಿಳಿವಳಿಕೆ ಮನುಷ್ಯನ ಅಳಿವು ಉಳಿವಿನ ವಿಷಯವಾಯಿತು. ಎಚ್‌ಐವಿಯೂ ಪ್ರೊವೈರಸ್ಸಾಗಿ ನಮ್ಮ ಡಿಎನ್‌ಎಯಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿದ್ದುಕೊಂಡು ತನ್ನನ್ನು ತಾನೇ ನಿಯಂತ್ರಿಸುತ್ತದೆ. ಮೊದಲಿಗೆ ಅದರ ಆರ್‌ಎನ್‌ಎ ತಯಾರಿ ಆರಂಭವಾದರೂ ಬಹುಪಾಲು ಅರ್ಧದಲ್ಲೇ ನಿಲ್ಲುತ್ತದೆ. ಪೂರ್ಣಗೊಂಡ ಕೆಲವೇ ಪ್ರತಿಗಳಿಂದ ಟ್ಯಾಟ್ ಎಂಬ ಪ್ರೋಟೀನು ಹುಟ್ಟಿ, ಕೆಲಸ ನಡುವೆ ನಿಲ್ಲದಂತೆ ನೋಡಿಕೊಂಡು ಉತ್ಪಾದನೆಯನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ರೆವ್ ಎಂಬ ಮತ್ತೊಂದು ಪ್ರೋಟೀನು ಸಾಕಷ್ಟು ಶೇಖರಗೊಂಡ ಮೇಲೆ ಕತ್ತರಿಸದ ಉದ್ದನೆಯ ಆರ್‌ಎನ್‌ಎ ಕೋಶಕೇಂದ್ರದಿಂದ ಹೊರಬಂದು ಹೊಸ ವೈರಸ್ಸುಗಳಿಗೆ ದಾರಿಯಾಗುತ್ತದೆ. ಟ್ಯಾಟ್ ಸಾಲದ ಕೋಶಗಳಲ್ಲಿ ಪ್ರೊವೈರಸ್ ವರ್ಷಗಟ್ಟಲೆ ಮೌನವಾಗಿರಬಲ್ಲದು. ಈ ಮೌನವನ್ನು ಇಂದಿನ ಗುಳಿಗೆಗಳು ಮುಟ್ಟಲಾರವು. ಆದ್ದರಿಂದಲೇ ಚಿಕಿತ್ಸೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ಸು ರಕ್ತಕ್ಕೆ ಮರಳುತ್ತದೆ.

ನೊಬೆಲ್ ಸಮಾರಂಭದಲ್ಲೇ ಧೂಮಪಾನದ ವಿರುದ್ಧ ಮಾತನಾಡಿದ್ದ, ಎಂದೂ ಸಿಗರೇಟು ಸೇದದ ಟೆಮಿನ್, 1994ರಲ್ಲಿ 59ನೇ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯ ವರ್ಷಗಳಲ್ಲಿಯೂ ಅವರು ರೆಟ್ರೊವೈರಸ್‌ಗಳ ಸಂಶೋಧನೆಯಲ್ಲೇ ತೊಡಗಿದ್ದರು.

ಇಂಥ ಸಂಶೋಧನೆಯಿಂದ ತಕ್ಷಣದ ಪ್ರಯೋಜನವೇನೆಂದು ಕೇಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ನನ್ನ ಉತ್ತರವಿಷ್ಟೆ: 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಎಚ್‌ಐವಿ ಔಷಧ ಎಜೆಡ್‌ಟಿ ತಡೆಯುವುದು, ಕೋಳಿಯ ವೈರಸ್ಸಿನಲ್ಲಿ ಟೆಮಿನ್ ಕಂಡ ಆ ಕಿಣ್ವದ ಎಚ್‌ಐವಿ ರೂಪವನ್ನೇ.