ನೊಣಗಳ ಕೋಣೆಯ ವಿಜ್ಞಾನಿ

ಮಕ್ಕಳೇ, ಬಾಳೆಹಣ್ಣು ಹೆಚ್ಚು ಮಾಗಿದರೆ ಅದರ ಸುತ್ತ ಪುಟ್ಟ ನೊಣಗಳು ಹಾರಾಡುವುದನ್ನು ನೋಡಿದ್ದೀರಲ್ಲವೇ? ನಾವು ಕೈಬೀಸಿ ಓಡಿಸುವ ಈ ಹಣ್ಣಿನ ನೊಣದಿಂದಲೇ ಜೀವದ ಗುಟ್ಟನ್ನು ಕಲಿತವರು ಥಾಮಸ್ ಹಂಟ್ ಮಾರ್ಗನ್.

ಮಾರ್ಗನ್ ಹುಟ್ಟಿದ್ದು 1866ರ ಸೆಪ್ಟೆಂಬರ್ 25ರಂದು, ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ. ಹಕ್ಕಿಯ ಮೊಟ್ಟೆ, ಪಳೆಯುಳಿಕೆಗಳನ್ನು ಕೂಡಿಡುವುದು ಅವರ ಬಾಲ್ಯದ ಹವ್ಯಾಸ. ಒಂದೇ ಜೀವಕೋಶದಿಂದ ತಲೆ, ಕಾಲುಗಳಿರುವ ಪ್ರಾಣಿ ರೂಪುಗೊಳ್ಳುವುದು ಹೇಗೆ? ಮುಂದೆ ಈ ಪ್ರಶ್ನೆ ಅವರನ್ನು ಕಾಡಿತು. ಕಪ್ಪೆ ಹಾಗೂ ಕಡಲ ಜೀವಿಗಳ ಭ್ರೂಣಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು.

1904ರಲ್ಲಿ ಅವರು ನ್ಯೂಯಾರ್ಕ್‌ನ ಕೊಲಂಬಿಯ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಸಣ್ಣ ಕೋಣೆಯೊಂದರಲ್ಲಿ, ಹಾಲಿನ ಬಾಟಲಿಗಳಿಗೆ ಬಾಳೆಹಣ್ಣು ಹಾಕಿ ನೊಣ ಸಾಕಿದರು. ಅದಕ್ಕೆ ‘ನೊಣಗಳ ಕೋಣೆ’ ಎಂದೇ ಹೆಸರಾಯಿತು.

ತಂದೆತಾಯಿಯ ಗುಣಗಳನ್ನು ವರ್ಣತಂತುಗಳು ಮಕ್ಕಳಿಗೆ ಒಯ್ಯುತ್ತವೆ ಎಂಬುದನ್ನು ಮಾರ್ಗನ್ ಆಗ ನಂಬಿರಲಿಲ್ಲ. 1910ರಲ್ಲಿ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಗಂಡು ನೊಣವೊಂದು ಕಂಡಿತು. ಅದರ ಮರಿಗಳಲ್ಲಿ ಬಹುತೇಕ ಎಲ್ಲವೂ ಕೆಂಪು ಕಣ್ಣಿನವೇ. ಮೊಮ್ಮಕ್ಕಳಲ್ಲಿ ಬಿಳಿ ಕಣ್ಣು ಮತ್ತೆ ಕಾಣಿಸಿತು. ಆದರೆ ಗಂಡುಗಳಲ್ಲಿ ಮಾತ್ರ! ಗಂಡು-ಹೆಣ್ಣನ್ನು ನಿರ್ಧರಿಸುವ ವರ್ಣತಂತುವಿನಲ್ಲೇ ಕಣ್ಣಿನ ಬಣ್ಣದ ವಂಶವಾಹಿಯೂ ಇದೆ ಎಂದು ಇದರಿಂದ ತಿಳಿಯಿತು. ಮಾರ್ಗನ್ ಹಟ ಹಿಡಿಯಲಿಲ್ಲ. ನೊಣ ತೋರಿಸಿದ ಸತ್ಯವನ್ನು ಒಪ್ಪಿಕೊಂಡು ತಮ್ಮ ಅಭಿಪ್ರಾಯವನ್ನು ಬದಲಿಸಿದರು. 1933ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಆ ಹಣದಲ್ಲಿ ತಮ್ಮ ಶಿಷ್ಯರಾದ ಸ್ಟರ್ಟೆವಂಟ್ ಮತ್ತು ಬ್ರಿಡ್ಜಸ್ ಅವರ ಮಕ್ಕಳಿಗೂ ಪಾಲು ಕೊಟ್ಟರು.

ಆದರೆ ಹಳೆಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಎಲ್ಲ ಜೀವಕೋಶಗಳಲ್ಲೂ ಅವೇ ವಂಶವಾಹಿಗಳಿದ್ದರೆ, ಒಂದು ಕಡೆ ಬೆನ್ನು, ಇನ್ನೊಂದು ಕಡೆ ಹೊಟ್ಟೆ ಆಗುವುದು ಹೇಗೆ? ಉತ್ತರ ಸಿಗುವ ಮೊದಲೇ, 1945ರ ಡಿಸೆಂಬರ್ 4ರಂದು ಮಾರ್ಗನ್ ತೀರಿಕೊಂಡರು.

ಮುಂದೆ ಉತ್ತರದ ಸುಳಿವು ಸಿಕ್ಕಿದ್ದೂ ಅದೇ ನೊಣದಲ್ಲಿ. ಕೆಲವು ವಂಶವಾಹಿಗಳು ‘ಬೆಳವಣಿಗೆ ಅಂಶ’ ಎಂಬ ಪ್ರೋಟೀನುಗಳನ್ನು ತಯಾರಿಸುತ್ತವೆ. ಇವು ಒಂದು ಕೋಶದಿಂದ ಹೊರಬಂದು ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ‘ಡಿಪಿಪಿ’ ಅಂಥದ್ದೊಂದು. ನೊಣದ ಭ್ರೂಣದಲ್ಲಿ ಅದರ ಪ್ರಭಾವ ಹೆಚ್ಚಿರುವ ಕಡೆ ಬೆನ್ನಿನ ಭಾಗ ರೂಪುಗೊಳ್ಳುತ್ತದೆ; ಅದು ಇಲ್ಲದ ಹೊಟ್ಟೆಯ ಕಡೆ ನರಹುರಿ ಬೆಳೆಯುತ್ತದೆ. ಇದನ್ನು ಹೋಲುವ ವಂಶವಾಹಿಗಳು ನಮ್ಮಲ್ಲೂ ಇದ್ದು, ಮೂಳೆಗಳ ಬೆಳವಣಿಗೆಗೆ ನೆರವಾಗುತ್ತವೆ.

ನೊಣದ ಭ್ರೂಣವನ್ನು ರೂಪಿಸುವ ವಂಶವಾಹಿಗಳ ಶೋಧಕ್ಕಾಗಿ 1995ರಲ್ಲಿ ಮೂವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಅವರಲ್ಲಿ ಎಡ್ವರ್ಡ್ ಲೂಯಿಸ್, ಮಾರ್ಗನ್‌ರ ಶಿಷ್ಯ ಸ್ಟರ್ಟೆವಂಟ್ ಅವರ ಬಳಿ ಕಲಿತವರು. ಗುರುವಿನ ಪ್ರಶ್ನೆಯನ್ನು ಶಿಷ್ಯನ ಶಿಷ್ಯ ಮುಂದುವರಿಸಿದ್ದರು.