ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್: ಒಪ್ಪಿ ನಿಂತವರ ದಳಪತಿ



ನಮ್ಮ ಪುಟದಲ್ಲಿ ಅಗಲಿದ ಹಿರಿಯರೊಬ್ಬರನ್ನು ನೆನೆಯುವುದು ರೂಢಿ. ಹೆಚ್ಚಾಗಿ ಕವಿಗಳು, ಶಾಲೆ ಕಟ್ಟಿದವರು, ಏಕೀಕರಣಕ್ಕೆ ದುಡಿದವರು ಇಲ್ಲಿ ಬಂದಿದ್ದಾರೆ. ಈ ಸಲ ಒಬ್ಬ ಸೈನಿಕರು. ಕಳೆದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, ತಮ್ಮ ಮೊಮ್ಮಗ ಪ್ಯಾರಾಚೂಟ್ ದಳಕ್ಕೇ ಸೇರಬೇಕೆಂದು ಹಟ ಹಿಡಿದಿದ್ದಾನೆ, ಅಲ್ಲಿ ವಿಮಾನದಿಂದ ಧುಮುಕುವುದು ಬಿಟ್ಟು ಬೇರೇನು ಕಲಿಸುತ್ತಾರೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಓದುತ್ತ ಹೋದಾಗ ಸಿಕ್ಕಿದ ಉತ್ತರವೇ ಈ ಬದುಕು.

ಮೊಹಮ್ಮದ್ ಉಸ್ಮಾನ್ ಹುಟ್ಟಿದ್ದು 1912ರ ಜುಲೈ 15ರಂದು, ಈಗಿನ ಉತ್ತರ ಪ್ರದೇಶದ ಬೀಬಿಪುರದಲ್ಲಿ. ತಂದೆ ಪೊಲೀಸ್ ಅಧಿಕಾರಿ. ಶಾಲೆ ಬನಾರಸಿನಲ್ಲಿ. ಹುಡುಗನಿಗೆ ಮಾತನಾಡುವಾಗ ತೊದಲು ಇತ್ತು, ಆದರೆ ಎದೆ ಗಟ್ಟಿ. ಹನ್ನೆರಡನೆಯ ವಯಸ್ಸಿನಲ್ಲಿ ಬಾವಿಗೆ ಬಿದ್ದ ಮಗುವೊಂದನ್ನು ತಾನೇ ಹಾರಿ ಎತ್ತಿದ ಕತೆಯನ್ನು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. 1932ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಆಯ್ಕೆಯಾದರು. ಹಿಂತಿರುಗಿ ಬಂದು 1935ರಲ್ಲಿ ಬಲೂಚ್ ರೆಜಿಮೆಂಟ್ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿದರು, ಬಲೂಚ್ ರೆಜಿಮೆಂಟಿನ ಒಂದು ಬೆಟಾಲಿಯನ್ನಿನ ಮುಖ್ಯಸ್ಥರೂ ಆದರು.

ಅತ್ತ ಇನ್ನೊಂದು ಕತೆ ನಡೆಯುತ್ತಿತ್ತು. 1941ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡ್ ಹುಟ್ಟಿಕೊಂಡಿತು. ಭಾರತೀಯ ಸೈನಿಕರಲ್ಲಿ ಮೊದಲು ಧುಮುಕಿದವರು ವೈದ್ಯಾಧಿಕಾರಿ ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ದೆಹಲಿಯಲ್ಲಿ ಶುರುವಾದ ತರಬೇತಿ ಶಾಲೆ ಆಮೇಲೆ ರಾವಲ್ಪಿಂಡಿ ಹತ್ತಿರದ ಚಕ್ಲಾಲಾಕ್ಕೆ ಹೋಯಿತು. ದೇಶ ಇಬ್ಭಾಗವಾದಾಗ ಚಕ್ಲಾಲಾ ಆ ಕಡೆಗೆ ಉಳಿಯಿತು. ನಮ್ಮವರು ಆಗ್ರಾದಲ್ಲಿ ಹೊಸದಾಗಿ ಶಾಲೆ ಕಟ್ಟಿಕೊಳ್ಳಬೇಕಾಯಿತು. ಇಂದಿಗೂ ಧುಮುಕುವುದನ್ನು ಕಲಿಸುವುದು ಆಗ್ರಾದಲ್ಲೇ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಈಗ ನಮ್ಮ ಬೆಂಗಳೂರಿನಲ್ಲಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ.

ತರಬೇತಿಯ ಬಹುಭಾಗ ನಡೆಯುವುದು ನೆಲದ ಮೇಲೆ. ಪಾದ, ಮಂಡಿ ಎರಡನ್ನೂ ಜೋಡಿಸಿಕೊಂಡು ನೆಲ ಮುಟ್ಟಬೇಕು, ಮುಟ್ಟಿದೊಡನೆ ಪಕ್ಕಕ್ಕೆ ಉರುಳಬೇಕು. ಏಟು ಒಂದೇ ಮೂಳೆಗೆ ಬೀಳದೆ ಕಾಲು, ತೊಡೆ, ಬೆನ್ನಿಗೆ ಹಂಚಿಹೋಗಬೇಕು. ಇದನ್ನೇ ದಿನಗಟ್ಟಲೆ ಮಾಡಿಸುತ್ತಾರೆ. ಆಮೇಲೆ ವಿಮಾನದ ಬಾಗಿಲಿನ ಮಾದರಿಯಿಂದ ಹೊರಬೀಳುವ ಅಭ್ಯಾಸ. ವಿಮಾನದೊಳಗೆ ಒಂದು ತಂತಿ ಇರುತ್ತದೆ. ಪ್ಯಾರಾಚೂಟಿನ ಪಟ್ಟಿಯ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿದರೆ, ಧುಮುಕಿದಾಗ ಪ್ಯಾರಾಚೂಟ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊಕ್ಕೆ, ಪಟ್ಟಿ ಸರಿಯಾಗಿವೆಯೇ ಎಂದು ಒಬ್ಬರದನ್ನು ಇನ್ನೊಬ್ಬರು ನೋಡಬೇಕು. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ! ಐದು ಸಲ ಧುಮುಕಿದವನಿಗೆ ರೆಕ್ಕೆಯ ಗುರುತು ಸಿಗುತ್ತದೆ. ಅದರಲ್ಲಿ ಒಂದು ರಾತ್ರಿಯಲ್ಲಿ. ಎಲ್ಲಕ್ಕಿಂತ ಮುಖ್ಯವಾದ ಮಾತು, ಈ ದಳಕ್ಕೆ ಯಾರನ್ನೂ ಬಲವಂತದಿಂದ ಸೇರಿಸುವುದಿಲ್ಲ. ಒಪ್ಪಿ ಬಂದವರಿಗೆ ಮಾತ್ರ ಜಾಗ.

ಈ ಒಪ್ಪಿಗೆಯ ವಿಷಯದಲ್ಲೇ ಉಸ್ಮಾನರ ಬದುಕು ದೊಡ್ಡದಾಗುವುದು. 1947ರಲ್ಲಿ ಸೈನ್ಯವೂ ಎರಡಾಯಿತು. ಅವರ ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಿಗೆ ಹೋಯಿತು. ಮುಸಲ್ಮಾನ್ ಅಧಿಕಾರಿ, ಹನ್ನೆರಡು ವರ್ಷ ದುಡಿದ ರೆಜಿಮೆಂಟ್ ಆ ಕಡೆ, ಆದ್ದರಿಂದ ಅವರೂ ಆ ಕಡೆಗೇ ಎಂದು ಬಹಳ ಜನ ಎಣಿಸಿದ್ದರು. ಮುಂದೆ ಸೇನಾ ಮುಖ್ಯಸ್ಥರಾಗುವ ಆಸೆಯನ್ನೂ ಆ ಕಡೆಯವರು ತೋರಿಸಿದ್ದರೆಂದು ಹೇಳುತ್ತಾರೆ. ಉಸ್ಮಾನ್ ಭಾರತದಲ್ಲೇ ಉಳಿದರು. ಅವರನ್ನು ಡೋಗ್ರಾ ರೆಜಿಮೆಂಟಿಗೆ ವರ್ಗ ಮಾಡಿದರು.

ನಾನು ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿ ಆಯ್ಕೆ ಪತ್ರಗಳನ್ನು ಕಡತಕ್ಕೆ ಹಾಕಿದವನು. ಹಳೆ ವೇತನ ಶ್ರೇಣಿಯೋ ಹೊಸದೋ, ಈ ಊರೋ ಆ ಊರೋ ಎಂದು ಬರೆದುಕೊಡುವಾಗ ಪ್ರತಿಯೊಬ್ಬರೂ ಕೇಳುವುದು ಒಂದೇ, ಯಾವುದರಲ್ಲಿ ಲಾಭ ಎಂದು. ನಾನೂ ಹಾಗೇ ಕೇಳಿದವನೇ. ಲಾಭವೆಲ್ಲ ಒಂದು ಕಡೆ ಕಾಣುತ್ತಿರುವಾಗ ಇನ್ನೊಂದು ಕಡೆ ಸಹಿ ಹಾಕಲು ಎಂಥ ಮನಸ್ಸು ಬೇಕು ಎಂದು ಇದನ್ನು ಓದುವಾಗ ಅನ್ನಿಸಿತು.

1947ರ ಡಿಸೆಂಬರ್‌ನಲ್ಲಿ ಕಾಶ್ಮೀರದ ಯುದ್ಧದ ನಡುವೆ 50ನೇ ಪ್ಯಾರಾಚೂಟ್ ಬ್ರಿಗೇಡಿನ ಹೊಣೆ ಅವರ ಹೆಗಲಿಗೆ ಬಂತು. ಬೆಳಗಾವಿಯನ್ನು ಮನೆ ಮಾಡಿಕೊಂಡ ಮರಾಠಾ ಲಘು ಪದಾತಿ ದಳದ ಪ್ಯಾರಾ ಬೆಟಾಲಿಯನ್ ಕೂಡ ಆ ಬ್ರಿಗೇಡಿನಲ್ಲಿತ್ತು. ಆಕಾಶದಿಂದ ಇಳಿಯಲು ಕಲಿತವರು ಅಲ್ಲಿ ನೆಲದ ಮೇಲೆ, ಹಿಮದ ಚಳಿಯಲ್ಲಿ, ಕಾಲ್ನಡಿಗೆಯ ಯುದ್ಧ ಮಾಡಬೇಕಾಯಿತು. ಅದೇ ತಿಂಗಳ ಕೊನೆಯ ವಾರದಲ್ಲಿ ಝಂಗಡ್ ಎಂಬ ಆಯಕಟ್ಟಿನ ಜಾಗ ಕೈತಪ್ಪಿತು. ಅದನ್ನು ಮರಳಿ ಪಡೆಯುವ ತನಕ ಮಂಚದ ಮೇಲೆ ಮಲಗುವುದಿಲ್ಲವೆಂದು ಉಸ್ಮಾನ್ ಪಣ ತೊಟ್ಟು, ಆ ಚಳಿಗಾಲವೆಲ್ಲ ನೆಲದ ಮೇಲೆ ಚಾಪೆ ಹಾಸಿ ಮಲಗಿದರು.

ಆಗ ಪಶ್ಚಿಮ ವಿಭಾಗದ ಸೇನಾಪತಿಯಾಗಿ ಬಂದವರು ನಮ್ಮ ಕೊಡಗಿನ ಕಾರ್ಯಪ್ಪನವರು. ನೌಶೇರಾಕ್ಕೆ ಭೇಟಿ ಕೊಟ್ಟಾಗ ಅವರು ಉಸ್ಮಾನರಿಂದ ಒಂದು ಉಡುಗೊರೆ ಕೇಳಿದರು. ನೌಶೇರಾವನ್ನು ಮೇಲಿನಿಂದ ಕಾಣುವ ಕೋಟ್ ಎಂಬ ಗುಡ್ಡವೇ ಆ ಉಡುಗೊರೆ. 1948ರ ಫೆಬ್ರವರಿ 1ರಂದು ಅದು ಕೈಸೇರಿತು. ಕಾರ್ಯಪ್ಪನವರನ್ನು ಗೆಳೆಯರು ಕಿಪ್ಪರ್ ಎಂದು ಕರೆಯುತ್ತಿದ್ದರು. ಉಸ್ಮಾನ್ ಆ ಕಾರ್ಯಾಚರಣೆಗೆ ಅದೇ ಹೆಸರಿಟ್ಟಿದ್ದರು.

ಐದೇ ದಿನಕ್ಕೆ, ಫೆಬ್ರವರಿ 6ರ ನಸುಕಿನಲ್ಲಿ, ಸಾವಿರಾರು ದಾಳಿಕೋರರು ನೌಶೇರಾದ ಮೇಲೆ ಮುಗಿಬಿದ್ದರು. ತೈನ್ ಧಾರ್ ಗುಡ್ಡದಲ್ಲಿ ಬೆರಳೆಣಿಕೆಯ ಜನರೊಂದಿಗೆ ನಿಂತು ಕಾದು ಪ್ರಾಣ ಬಿಟ್ಟ ನಾಯಕ್ ಜದುನಾಥ್ ಸಿಂಗರಿಗೆ ಪರಮವೀರ ಚಕ್ರ ಸಂದಿತು. ನೌಶೇರಾ ಉಳಿಯಿತು. ಉಸ್ಮಾನ್ ನೌಶೇರಾದ ಸಿಂಹ ಎನಿಸಿಕೊಂಡರು. ಎದುರಾಳಿಗಳು ಅವರ ತಲೆಗೆ 50,000 ರೂಪಾಯಿ ಬಹುಮಾನ ಕಟ್ಟಿದರು. ಯುದ್ಧದಲ್ಲಿ ಮನೆಮಠ ಕಳಕೊಂಡ ಹುಡುಗರನ್ನು ಅವರು ಕೈಬಿಡಲಿಲ್ಲ. ಬಾಲಸೇನೆ ಎಂದು ಕಟ್ಟಿ ಊಟ, ಪಾಠ, ಕವಾಯತು ಕೊಡಿಸಿದರು. ಅವರಲ್ಲಿ ಕೆಲವರು ಹೋರಾಟದ ಹೊತ್ತಿನಲ್ಲಿ ಸಂದೇಶ ಹೊತ್ತು ಓಡಿದವರು. ಉಸ್ಮಾನ್ ಮದುವೆಯಾಗಿರಲಿಲ್ಲ. ಸಂಬಳದಲ್ಲಿ ಬಹುಪಾಲು ಬಡ ಮಕ್ಕಳಿಗೆ ಹೋಗುತ್ತಿತ್ತು.

ಮಾರ್ಚ್ 18ರಂದು ಝಂಗಡ್ ಮರಳಿ ಸಿಕ್ಕಿತು. ಅಂದು ಬ್ರಿಗೇಡಿನಲ್ಲಿ ಮಂಚವೇ ಇರಲಿಲ್ಲವಂತೆ. ಹತ್ತಿರದ ಹಳ್ಳಿಯಿಂದ ಒಂದನ್ನು ಕೇಳಿ ತಂದರಂತೆ.

ಜುಲೈ 3ರ ಸಂಜೆ ಝಂಗಡಿನಲ್ಲಿ ಅಧಿಕಾರಿಗಳ ಸಭೆ ಮುಗಿದ ಮೇಲೆ ಎದುರಾಳಿಯ ಫಿರಂಗಿ ಗುಂಡುಗಳು ಬೀಳತೊಡಗಿದವು. ಒಂದು ಗುಂಡು ಉಸ್ಮಾನರ ಹತ್ತಿರವೇ ಬಿತ್ತು. ಮೂವತ್ತಾರು ತುಂಬಲು ಹನ್ನೆರಡು ದಿನ ಬಾಕಿ ಇತ್ತು. ದೆಹಲಿಯ ಜಾಮಿಯಾ ಮಿಲಿಯಾದಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಪ್ರಧಾನಿ ನೆಹರೂ ಬಂದು ನಿಂತಿದ್ದರು. ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಬಂಧುಗಳೇ, ಗಡಿ ಎಳೆಯುವಾಗ ಯಾರೂ ನಮ್ಮ ಹಿರಿಯರನ್ನು ಕೇಳಲಿಲ್ಲ. ಎಳೆದ ಗೆರೆಯ ಈಚೆ ಉಳಿದ ನಮ್ಮನ್ನು ಇವತ್ತಿಗೂ ಅಲ್ಲೊಬ್ಬರು ಇಲ್ಲೊಬ್ಬರು, ನೀವು ಯಾವ ಕಡೆಯವರು ಎಂದು ಕೇಳುತ್ತಾರೆ. ಆ ಪ್ರಶ್ನೆ ಎಷ್ಟು ಚುಚ್ಚುತ್ತದೆಂದು ನಮಗೆ ಗೊತ್ತು. ಹಾಗಿರುವಾಗ ನಮ್ಮೂರಿನ ಇನ್ನೊಬ್ಬರನ್ನು, ಅವರ ಹೆಸರು ನೋಡಿ, ಅದೇ ಪ್ರಶ್ನೆ ಕೇಳುವ ಮೊದಲು ಝಂಗಡಿನಲ್ಲಿ ಬಿದ್ದ ಈ ಸೈನಿಕನನ್ನು ನೆನೆಯೋಣ.

ಹಿರಿಯರ ಪ್ರಶ್ನೆಗೆ ಉತ್ತರ ಹೀಗೆ: ಆ ದಳದಲ್ಲಿ ಒಪ್ಪಿ ಬರುವುದನ್ನೂ, ಪಕ್ಕದವನ ಕೊಕ್ಕೆ ನೋಡುವುದನ್ನೂ ಕಲಿಸುತ್ತಾರೆ. ಮೊಮ್ಮಗನನ್ನು ತಡೆಯಬೇಡಿ. ಮುಂದಿನ ಸಭೆಗೆ ಅವನನ್ನೂ ಕರೆತನ್ನಿ, ಈ ಕತೆಯನ್ನು ಅವನ ಬಾಯಲ್ಲೇ ಹೇಳಿಸೋಣ. ತಮ್ಮ ಊರಿನ ನಿವೃತ್ತ ಸೈನಿಕರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಸದಸ್ಯರು ಕಳುಹಿಸಿದರೆ, ರಾಜ್ಯೋತ್ಸವದಂದು ಅವರನ್ನು ಕರೆದು ಗೌರವಿಸುವ ವಿಚಾರವನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಡುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ