ನಿಘಂಟುಕಾರನ ಮಗ: ಆನೆಯ ಸ್ಯಾಂಡರ್ಸನ್

ಕೃಷ್ಣೆಯ ದಂಡೆಯ ನಮ್ಮ ಹಿಪ್ಪರಗಿಯ ಸೀಮೆಯಲ್ಲಿ ಕೋವಿಯ ಮಾತು ಬಂದಿತೆಂದರೆ ಹಲಗಲಿಯ ಹೆಸರು ಬಾರದೆ ಇರದು. 1857ರ ನಿಶ್ಶಸ್ತ್ರೀಕರಣ ಕಾಯಿದೆಗೆ ಮಣಿದು ಆಯುಧಗಳನ್ನೊಪ್ಪಿಸಲು ಒಲ್ಲೆವೆಂದ ಮುಧೋಳ ಸಂಸ್ಥಾನದ ಆ ಹಳ್ಳಿಯ ಬೇಡರ ಮೇಲೆ ಅದೇ ವರ್ಷ ನವೆಂಬರಿನ ಕೊನೆಯಲ್ಲಿ ಕಂಪನಿಯ ಸೈನ್ಯ ಏರಿಬಂದಿತು. ಊರು ಉರಿಯಿತು, ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ನೇಣಿಗೇರಿಸಲಾಯಿತು. ಅವರ ಕಥೆಯ ಲಾವಣಿಯನ್ನು ಮುಂದೆ ಶಾಸನತಜ್ಞ ಫ್ಲೀಟನು ಸಂಗ್ರಹಿಸಿದುದು ವಾಚಕರಿಗೆ ತಿಳಿದ ಸಂಗತಿಯೇ.

ಹಲಗಲಿಯ ಬೂದಿ ಇನ್ನೂ ಆರದಿದ್ದ 1858ರಲ್ಲಿ ಬೆಂಗಳೂರಿನಲ್ಲಿ ಒಂದು ಗ್ರಂಥ ಅಚ್ಚಾಗಿ ಹೊರಬಂದಿತು. ವಿಲಿಯಂ ರೀವನ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ ಹಿಗ್ಗಿಸಿದ ಆವೃತ್ತಿ ಅದು. ತಿದ್ದಿದವನು ವೆಸ್ಲಿಯನ್ ಮಿಷನ್ನಿನ ಪಾದ್ರಿ ಡೇನಿಯಲ್ ಸ್ಯಾಂಡರ್ಸನ್. ಲಕ್ಷ್ಮೀಶನ ಜೈಮಿನಿ ಭಾರತವನ್ನು ಇಂಗ್ಲಿಷಿಗೆ ತರಲು ಶ್ರಮಿಸಿದವನೂ ಈತನೇ. ಕಿಟ್ಟೆಲನ ಹೆಸರು ಹೇಳುವ ನಮ್ಮ ವಿದ್ಯಾರ್ಥಿಗಳು ಈತನನ್ನು ಮರೆತಿದ್ದಾರೆ. ಆದರೆ ಇಲ್ಲಿ ಹೇಳಹೊರಟಿರುವುದು ಅವನ ಮಗನ ವೃತ್ತಾಂತ.

ಜಾರ್ಜ್ ಪೆರೆಸ್ ಸ್ಯಾಂಡರ್ಸನ್ 1848ರಲ್ಲಿ ಭಾರತದಲ್ಲಿ ಹುಟ್ಟಿ, ಬಾಲ್ಯವನ್ನು ಇಂಗ್ಲೆಂಡಿನಲ್ಲಿ ಕಳೆದು, ಹದಿನಾರರ ಹರೆಯದಲ್ಲಿ, 1864ರಲ್ಲಿ, ಮೈಸೂರು ಸೀಮೆಗೆ ಮರಳಿದನು. ತಂದೆಯ ಭಾಷಾಪ್ರೇಮ ಮಗನಲ್ಲಿ ಬೇರೊಂದು ರೂಪ ತಾಳಿತು. ತಂದೆಯು ಕನ್ನಡವನ್ನು ಕೋಶಕ್ಕಾಗಿ ಕಲಿತರೆ, ಮಗನು ಕಾಡಿಗಾಗಿ ಕಲಿತನು. ನೀರಾವರಿ ಇಲಾಖೆಯ ಕಾಲುವೆಗಳ ಮೇಲ್ವಿಚಾರಣೆಯ ಕೆಲಸ ಆತನನ್ನು ಚಾಮರಾಜನಗರದ ಕಡೆಗೆ ಒಯ್ದಿತು. ಅಲ್ಲಿನ ಹಳ್ಳಿಗರೊಡನೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರೊಡನೆ ಅವರ ಮಾತಿನಲ್ಲಿಯೇ ಬೆರೆತು, ಹೆಜ್ಜೆ ಹಿಡಿದು ಮೃಗವನ್ನು ಅರಸುವ ವಿದ್ಯೆಯನ್ನು ಅವರಿಂದಲೇ ಕಲಿತನು.

ಆ ಕಾಲದ ಬೇಟೆಗಾರನಿಗೆ ಕೋವಿಯಷ್ಟೇ ಮುಖ್ಯವಾದುದು ಅದರ ತೋಟೆಯನ್ನು ತಾನೇ ತುಂಬಿಕೊಳ್ಳುವ ಕೈಚಳಕ. ಹಿತ್ತಾಳೆಯ ತೋಟೆ ಒಮ್ಮೆ ಹಾರಿದರೆ ಎಸೆಯತಕ್ಕ ವಸ್ತುವಲ್ಲ. ಸಂಜೆ ದೀಪದ ಮುಂದೆ ಕುಳಿತು ಸುಟ್ಟ ಕೇಪನ್ನು ತೆಗೆದು ಹೊಸದನ್ನು ಕೂಡಿಸುವುದು, ಕರಿಮದ್ದನ್ನು ಅಳತೆಯ ಬಟ್ಟಲಿನಿಂದ ಸುರಿಯುವುದು, ಮೇಲೆ ಬಿರಟೆಯನ್ನಿಟ್ಟು ಅದುಮುವುದು, ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡುವುದು: ಇವೆಲ್ಲ ಬಂಗಲೆಯ ಜಗಲಿಯ ಕೆಲಸಗಳು. ಬರಿಯ ಸೀಸದ ಗುಂಡು ಆನೆಯ ಮೂಳೆಗೆ ತಾಗಿ ಚಪ್ಪಟೆಯಾಗುವುದೆಂದು ಅದರಲ್ಲಿ ತವರವನ್ನು ಬೆರೆಸಿ ಗಡುಸುಮಾಡುತ್ತಿದ್ದರು. ಮಳೆಗಾಲದಲ್ಲಿ ಮದ್ದು ತೇವವನ್ನು ಹೀರಿ ಕೈಕೊಡುವುದು. ನಮ್ಮ ಭಾಷೆ ಔಷಧಕ್ಕೂ ಸಿಡಿಪುಡಿಗೂ ಮದ್ದೆಂಬ ಒಂದೇ ಮಾತನ್ನು ಇಟ್ಟುಕೊಂಡಿದೆ. ಎರಡರಲ್ಲಿಯೂ ಅಳತೆ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಸ್ಯಾಂಡರ್ಸನ್ ಆನೆಗಾಗಿ ಹಿಡಿದುದು ನಾಲ್ಕು ಬೋರಿನ ಕೋವಿ. ನಳಿಗೆಯ ಬಾಯಿಗೆ ಸರಿಹೊಂದುವ ಗುಂಡುಗಳು ಒಂದು ಪೌಂಡು ಸೀಸಕ್ಕೆ ನಾಲ್ಕೇ ಆಗುತ್ತವೆ ಎಂಬುದು ಆ ಹೆಸರಿನ ಅರ್ಥ. ಅಂದರೆ ಗುಂಡೊಂದು ಸುಮಾರು 113 ಗ್ರಾಂ. ಅದರ ಹಿಂದೆ ಹತ್ತು ಡ್ರಾಮ್, ಎಂದರೆ ಸುಮಾರು 18 ಗ್ರಾಂ ಕರಿಮದ್ದು. ಇಂಥದನ್ನು ಹೆಗಲಿಗಿಟ್ಟು ಹಾರಿಸುವವನ ಹೆಗಲಿನ ಪಾಡನ್ನು ಓದುಗರೇ ಊಹಿಸಬಹುದು. ಕಾಕನಕೋಟೆಯ ಪುಂಡಾನೆಯನ್ನು ಆತ ಕೊಂದದ್ದು ಹೀಗೆ ಕೋವಿ ಹಿಡಿದು ಕಾಲ್ನಡಿಗೆಯಲ್ಲಿ.

ಆದರೆ ಆನೆಯನ್ನು ಕೊಲ್ಲುವ ವಿದ್ಯೆಗಿಂತ ಅದನ್ನು ಜೀವಂತವಾಗಿ ಹಿಡಿಯುವ ವಿದ್ಯೆ ಆತನಿಗೆ ಕೀರ್ತಿ ತಂದಿತು. ಕಾಕನಕೋಟೆಯ ಅಡವಿಯಲ್ಲಿ ಹೈದರಾಲಿ ಆನೆ ಹಿಡಿಯಲು ಯತ್ನಿಸಿ ಸೋತು, ಮುಂದೆ ಯತ್ನಿಸುವವರನ್ನು ಶಪಿಸಿ ಕಲ್ಲು ನೆಡಿಸಿದ್ದನೆಂದು ಪ್ರತೀತಿ. ಸ್ಯಾಂಡರ್ಸನನ ಮೊದಲ ಯತ್ನವೂ ಫಲಿಸಲಿಲ್ಲ. ಎದೆಗುಂದದೆ 1874ರ ಜೂನಿನಲ್ಲಿ ಚಾಮರಾಜನಗರದ ಬಳಿ ಹೊನ್ನುಹೊಳೆಯ ಪ್ರದೇಶದಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡನ್ನು ಅಗಳು, ಬೇಲಿಗಳ ಖೆಡ್ಡಾದೊಳಕ್ಕೆ ನೂಕಿಸಿದನು. ನೂಕಿದವರು ನೂರಾರು ಕನ್ನಡ ಹಳ್ಳಿಗರು. ಅವರು ಹೊತ್ತಿಸಿದ ಬೆಂಕಿ, ಬಾರಿಸಿದ ತಮಟೆಗಳಿಲ್ಲದಿದ್ದರೆ ದೊರೆಯ ಯೋಜನೆ ಕಾಗದದಲ್ಲಿಯೇ ಉಳಿಯುತ್ತಿತ್ತು. ಮರುವರ್ಷ ಬಂಗಾಳ ಸರ್ಕಾರ ಆತನನ್ನು ಢಾಕಾದ ಆನೆ ಹಿಡಿಯುವ ಇಲಾಖೆಗೆ ಕರೆಸಿಕೊಂಡಿತು. ಚಿತ್ತಗಾಂಗಿನ, ಗಾರೋ ಬೆಟ್ಟಗಳ ಕಾಡುಗಳಲ್ಲಿ ಆತನ ನಡುವಯಸ್ಸು ಸವೆಯಿತು.

1878ರಲ್ಲಿ ಆತನ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳ ಕಥನವದು. ಬರಿಯ ಬೇಟೆಯ ಬಡಾಯಿಯೆಂದು ಅದನ್ನು ತಳ್ಳಿಹಾಕುವಂತಿಲ್ಲ. ಹುಲಿಯ ಕುಲವನ್ನೇ ಅಳಿಸಬೇಕೆಂಬ ಆಗಿನ ವಾದವನ್ನು ಆತ ಒಪ್ಪಲಿಲ್ಲ. ಬೆಳೆ ತಿನ್ನುವ ಜಿಂಕೆ, ಹಂದಿಗಳನ್ನು ಹುಲಿಯೇ ಹದ್ದಿನಲ್ಲಿಡುತ್ತದೆ ಎಂಬುದು ಆತ ಹೊಲದ ಬದುವಿನಲ್ಲಿ ನಿಂತು ಕಂಡುಕೊಂಡ ಸತ್ಯ.

ಅದೇ 1878ರಲ್ಲಿಯೇ ಲಿಟ್ಟನ್ನನ ಸರ್ಕಾರ ಭಾರತೀಯ ಆಯುಧಗಳ ಕಾಯಿದೆಯನ್ನು ತಂದಿತು. ಬ್ರಿಟಿಷ್ ಭಾರತದಲ್ಲಿ ಕೋವಿಯನ್ನಿಡಲು, ಮದ್ದುಗುಂಡುಗಳನ್ನು ತಯಾರಿಸಲು ದೇಶೀಯನಿಗೆ ಪರವಾನಗಿ ಬೇಕು; ಐರೋಪ್ಯನಿಗೆ ವಿನಾಯಿತಿ. ಹಲಗಲಿಯವರು ಕೊರಳು ಕೊಟ್ಟ ವಸ್ತು ಸ್ಯಾಂಡರ್ಸನನಂಥವರಿಗೆ ಸಂಜೆಯ ವಿನೋದ. ಇದು ಆತನ ಅಪರಾಧವಲ್ಲ, ದಿಟ. ಆದರೆ ಹೆಜ್ಜೆ ತೋರಿಸಿದ ಸೋಲಿಗನ ಬರಿಗೈಯನ್ನೂ ತೋಟೆ ತುಂಬಿದ ದೊರೆಯ ಕೈಯನ್ನೂ ಒಂದೇ ಪುಟದಲ್ಲಿ ಕಾಣುವಾಗ ನನ್ನ ಮನಸ್ಸು ಮುಧೋಳದ ಕಡೆಗೆ ಓಡುತ್ತದೆ. ಅಮೆರಿಕದಲ್ಲಿ ಇಂದಿಗೂ ಮನೆಯ ಮೇಜಿನ ಮೇಲೆ ತೋಟೆ ತುಂಬುವುದು ಸಾವಿರಾರು ಜನರ ಹವ್ಯಾಸ. ನಮ್ಮಲ್ಲಿ ಈಗಿರುವುದು 1959ರ ಕಾಯಿದೆ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಈಗ ಎಲ್ಲರಿಗೂ ಅಪರಾಧವೇ.

ಕೊನೆಯ ವರ್ಷಗಳಲ್ಲಿ ಸ್ಯಾಂಡರ್ಸನ್ ಮತ್ತೆ ಮೈಸೂರಿನ ಕಾಡಿಗೆ ಬಂದನು. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರನು ಬಂದಾಗ ಖೆಡ್ಡಾ ನಡೆಸಿಕೊಟ್ಟವನು ಈತನೇ. ಅಷ್ಟರಲ್ಲಿ ಕಾಡಿನ ಜ್ವರಗಳು ದೇಹವನ್ನು ಜರ್ಝರಿತಗೊಳಿಸಿದ್ದವು. 1892ರಲ್ಲಿ, ಇನ್ನೂ ನಲವತ್ತನಾಲ್ಕರ ಆಸುಪಾಸಿನಲ್ಲಿ, ಮದರಾಸಿನಲ್ಲಿ ತೀರಿಕೊಂಡನು. ಆ ಬಳಿಕ ಕಿಪ್ಲಿಂಗನು ಬರೆದ ಆನೆಗಳ ಟೂಮಾಯಿಯ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಈತನೇ ಮಾದರಿಯೆಂದು ಬಲ್ಲವರು ಹೇಳುತ್ತಾರೆ.